ತೆರೆಯಿಲ್ಲದ ಕಡಲನ್ನು ನಂಬುವ ಮುನ್ನ

"ಕಡಲು ಇವತ್ತು ಕೆರೆಯ ಹಾಗೆ ಮಲಗಿದೆ, ಇದಕ್ಕೆಲ್ಲ ಲೈಫ್ ಜಾಕೆಟ್ ಯಾಕೆ?" ಮೂಲ್ಕಿ, ಕೋಡಿ ಬೆಂಗ್ರೆ, ಗೋಕರ್ಣದ ಕಡೆ ಸ್ಟ್ಯಾಂಡ್‌ಅಪ್ ಪ್ಯಾಡಲ್‌ಬೋರ್ಡಿಂಗ್ ಕಲಿಯಲು ಬರುವವರ ಬಾಯಿಂದ ಮೊದಲು ಬರುವ ಪ್ರಶ್ನೆ ಬಹುತೇಕ ಇದೇ. ಕೇಳುವವರು ತಿಳಿಗೇಡಿಗಳಲ್ಲ. ಓದಿದವರು, ನಾಲ್ಕು ಊರು ಕಂಡವರು, ಬಾಡಿಗೆ ಕಾರನ್ನು ಹತ್ತುವ ಮುಂಚೆ ಟೈರು ನೋಡುವವರು. ಆದರೂ ನೀರಿನ ಅಂಚಿಗೆ ಬಂದೊಡನೆ, ತೆರೆ ಇಲ್ಲದಿದ್ದರೆ ಅಪಾಯವೂ ಇಲ್ಲ ಎಂಬ ನಂಬಿಕೆಯನ್ನು ಯಾವ ಪರೀಕ್ಷೆಯೂ ಇಲ್ಲದೆ ಒಪ್ಪಿಬಿಡುತ್ತಾರೆ. ಪ್ಯಾಡಲ್‌ಬೋರ್ಡಿನ ಬಗ್ಗೆ ಇರುವ ಬೇರೆ ಬಹಳಷ್ಟು ತಪ್ಪು ಕಲ್ಪನೆಗಳಿಂದ ಹೆಚ್ಚೆಂದರೆ ಮೈ ಒದ್ದೆಯಾದೀತು, ಮರುದಿನ ತೋಳು ನೋವು ಬಂದೀತು. ಈ ನಂಬಿಕೆಯಿಂದ ಜೀವ ಹೋಗುತ್ತದೆ. ಅದಕ್ಕೇ ಇದನ್ನು ಬಿಡಿಸಿ ಹೇಳಬೇಕಾಗಿದೆ.

ತೆರೆಯಿಲ್ಲದ ನೀರು ತಿಳಿಸುವುದು ಒಂದೇ ಸಂಗತಿ: ಈ ಹೊತ್ತಿಗೆ, ಈ ದಡದ ಹತ್ತಿರ, ತೆರೆ ಇಲ್ಲ. ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆ, ಅಡಿಯಲ್ಲಿ ನೀರು ಯಾವ ಕಡೆ ಹರಿಯುತ್ತಿದೆ, ಇನ್ನೊಂದು ಗಂಟೆಯಲ್ಲಿ ಎರಡೂ ಏನಾಗುತ್ತವೆ ಎಂಬುದನ್ನು ಮೇಲ್ಮೈ ಹೇಳುವುದಿಲ್ಲ. ಪ್ಯಾಡಲ್‌ಬೋರ್ಡಿನ ಮೇಲೆ ನಿಂತವರಿಗೆ ಅಪಾಯ ಬರುವುದು ಈ ಮೂರರಿಂದಲೇ.

ಚಳಿಗಾಲದ ಒಂದು ಬೆಳಗಿನಲ್ಲಿ ನಮ್ಮ ಕರಾವಳಿಯಲ್ಲಿ ಏನು ನಡೆಯುತ್ತದೆ ನೋಡಿ. ರಾತ್ರಿ ನೆಲ ಕಡಲಿಗಿಂತ ಬೇಗ ತಣಿಯುತ್ತದೆ. ನೆಲದ ಮೇಲಿನ ತಂಪು ಗಾಳಿ ಭಾರವಾಗಿ ಕಡಲಿನ ಕಡೆ ಹರಿಯುತ್ತದೆ. ಇದೇ ಮೂಡುಗಾಳಿ. ಗಾಳಿ ತೆರೆ ಎಬ್ಬಿಸಬೇಕಾದರೆ ನೀರಿನ ಮೇಲೆ ಒಂದಿಷ್ಟು ದೂರ ಓಡಿರಬೇಕು. ನೆಲದಿಂದ ಈಗಷ್ಟೇ ನೀರಿಗೆ ಇಳಿದ ಗಾಳಿಗೆ ದಡದ ಹತ್ತಿರ ಆ ದೂರ ಸಿಕ್ಕಿರುವುದಿಲ್ಲ. ಮೇಲಾಗಿ ತೆಂಗಿನ ತೋಟ, ಗಾಳಿಮರಗಳ ಸಾಲು ಅದನ್ನು ತಡೆದಿರುತ್ತವೆ. ಹಾಗಾಗಿ ದಡದಲ್ಲಿ ನಿಂತವರಿಗೆ ಗಾಳಿಯೇ ಇಲ್ಲವೆನ್ನಿಸುತ್ತದೆ, ನೀರು ನುಣ್ಣಗೆ ಕಾಣುತ್ತದೆ. ಇನ್ನೂರು ಮುನ್ನೂರು ಮೀಟರ್ ಒಳಗೆ ಹೋದ ಮೇಲೆ ಆ ಗಾಳಿ ಬೆನ್ನಿಗೆ ಹತ್ತುತ್ತದೆ. ಬೋರ್ಡು ಸರಾಗವಾಗಿ ಮುಂದೆ ಸಾಗುತ್ತದೆ, ಕಲಿಯುವವರು ತಮ್ಮ ಕೈ ಪಳಗಿತೆಂದು ಹಿಗ್ಗುತ್ತಾರೆ. ಹಿಂದೆ ತಿರುಗಿದಾಗಲೇ ಗೊತ್ತಾಗುವುದು, ಅಷ್ಟು ದೂರ ತಂದದ್ದು ಗಾಳಿ ಎಂದು. ಕಡಲನ್ನು ನಯವಾಗಿ ತೋರಿಸಿ ನಮ್ಮನ್ನು ಒಳಗೆ ಕರೆದ ಗಾಳಿಯೇ ನಮ್ಮನ್ನು ದಡದಿಂದ ದೂಡುವ ಗಾಳಿ.

ಹೊಸಬರಿಗೆ ಕೊಡುವ ಬೋರ್ಡು ಸಾಮಾನ್ಯವಾಗಿ 10ರಿಂದ 11 ಅಡಿ ಉದ್ದ, 32 ಇಂಚಿನ ಆಸುಪಾಸು ಅಗಲ. ಗಾಳಿ ತುಂಬುವ ಬಗೆಯದಾದರೆ ದಪ್ಪ 5–6 ಇಂಚು. ಹಗುರವಾದ ಈ ಬೋರ್ಡಿನ ಸ್ವಲ್ಪ ಭಾಗ ಮಾತ್ರ ನೀರೊಳಗೆ ಇಳಿದಿರುತ್ತದೆ. ಮೇಲೆ ಪೂರ್ತಿ ಎತ್ತರದ ಮನುಷ್ಯ ನಿಂತಿರುತ್ತಾನೆ. ಗಾಳಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದು ಮೈಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹೊಸದಾಗಿ ಕಲಿಯುವವರು ಗಾಳಿಯಿಲ್ಲದ ನೀರಿನಲ್ಲೇ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ಸಾಗಿದರೆ ಹೆಚ್ಚು. ಎದುರುಗಾಳಿಯಲ್ಲಿ ಹುಟ್ಟು ಹಾಕುತ್ತಲೇ ಹಿಂದಕ್ಕೆ ಜಾರುತ್ತಿರುತ್ತಾರೆ.

ಇದಕ್ಕೆ ಪರಿಹಾರವಿದೆ, ಅದು ಸುಲಭದ್ದೂ ಹೌದು. ಕೂಡಲೇ ಮಂಡಿಯೂರಿ ಗಾಳಿಗೆ ಸಿಗುವ ಮೈಯನ್ನು ಕಡಿಮೆ ಮಾಡಬೇಕು. ಅಷ್ಟಕ್ಕೂ ಬಗ್ಗದಿದ್ದರೆ ಬೋರ್ಡಿನ ಮೇಲೆ ಬೋರಲು ಮಲಗಿ, ಹುಟ್ಟನ್ನು ಎದೆಯಡಿ ಇಟ್ಟುಕೊಂಡು, ಕೈಗಳಿಂದ ನೀರು ಎಳೆಯುತ್ತ ದಡಕ್ಕೆ ಬರಬೇಕು. ಎದ್ದು ನಿಲ್ಲುವುದನ್ನು ಕಲಿಸುವ ಮುಂಚೆ ಇದನ್ನು ಕಲಿಸಬೇಕು. ಆದರೆ ದಡದ ಮರಳಿನ ಮೇಲೆ ನಡೆಯುವ ಈ ಅರ್ಧ ಗಂಟೆಯ ಪಾಠವೇ ಬೇಸರವೆಂದು ಬಂದವರು ಗೊಣಗುತ್ತಾರೆ, ಅವರನ್ನು ಮೆಚ್ಚಿಸಲು ಕೆಲವು ಕಡೆ ಅದನ್ನು ಹತ್ತು ನಿಮಿಷಕ್ಕೆ ಇಳಿಸುತ್ತಾರೆ. ಇಬ್ಬರದೂ ತಪ್ಪು.

ಹಾಯಿದೋಣಿಯ ಕಾಲದ ಮೀನುಗಾರರು ಬೆಳಗಿನ ಜಾವ ಮೂಡುಗಾಳಿ ಹಿಡಿದು ಹೊರಟು, ಮಧ್ಯಾಹ್ನ ಪಡುವಣದಿಂದ ಗಾಳಿ ತಿರುಗಿದ ಮೇಲೆ ದಡಕ್ಕೆ ಮರಳುತ್ತಿದ್ದರು. ಬೆಳಗಿನ ಗಾಳಿ ಒಳಗೆ ಒಯ್ಯುತ್ತದೆಂಬುದು ಅವರಿಗೆ ಜೀವನೋಪಾಯದ ತಿಳಿವಳಿಕೆ. ಅದೇ ತೀರದಲ್ಲಿ ರೆಸಾರ್ಟ್ ಕೊಠಡಿ ಹಿಡಿದವರು ಪಕ್ಕದ ಮನೆಯ ಹಿರಿಯ ಮೀನುಗಾರನನ್ನು ಒಂದು ಮಾತು ಕೇಳುವುದಿಲ್ಲವಲ್ಲ ಎಂಬುದೇ ನನ್ನ ಬೇಸರ.

"ಹಾಗಾದರೆ ಕಡಲು ಬೇಡ, ಹಿನ್ನೀರಿನಲ್ಲೇ ಕಲಿಸಿ" ಎನ್ನುವವರಿದ್ದಾರೆ. ಒಳ್ಳೆಯ ಮಾತೇ. ಕಲಿಯಲು ಮೂಲ್ಕಿಯ ಬಳಿ ಶಾಂಭವಿಯ ಹಿನ್ನೀರು, ಕೋಡಿ ಬೆಂಗ್ರೆಯ ಬಳಿ ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಮುನ್ನ ಹರಡಿಕೊಳ್ಳುವ ಜಾಗ ನಿಜಕ್ಕೂ ಒಳ್ಳೆಯವು. ಆದರೆ ಈ ಹೊಳೆಗಳೂ ದಿನಕ್ಕೆರಡು ಸಲ ಉಬ್ಬರ ಇಳಿತಕ್ಕೆ ಒಳಪಟ್ಟಿವೆ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತಗಳ ನಡುವಿನ ವ್ಯತ್ಯಾಸ ಹೆಚ್ಚೆಂದರೆ ಒಂದೂವರೆ ಎರಡು ಮೀಟರ್. ಕೇಳಲು ಅಲ್ಪ. ಆದರೆ ಹತ್ತಾರು ಎಕರೆ ಹರಡಿದ ನೀರಿನ ಆ ಒಂದೂವರೆ ಮೀಟರ್ ಪೂರ್ತಿ ಸುಮಾರು ಆರು ಗಂಟೆಯೊಳಗೆ ಒಂದು ಇಕ್ಕಟ್ಟಾದ ಅಳಿವೆ ಬಾಗಿಲಿನ ಮೂಲಕ ಹೊರಹೋಗಬೇಕು. ಅದು ಆರೂ ಗಂಟೆ ಒಂದೇ ಸಮನೆ ಹೋಗುವುದೂ ಇಲ್ಲ. ಮೊದಲ ಗಂಟೆಯಲ್ಲಿ ಅಲುಗಾಟವೇ ಕಾಣದು. ಮೂರನೆಯ, ನಾಲ್ಕನೆಯ ಗಂಟೆಗಳಲ್ಲೇ ಸುಮಾರು ಅರ್ಧದಷ್ಟು ನೀರು ಇಳಿದುಬಿಡುತ್ತದೆ. ನೀವು ನಿಂತ ನೀರಿನಲ್ಲಿ ಹುಟ್ಟು ಹಾಕಲು ಆರಂಭಿಸಿದ್ದು, ಎರಡು ಗಂಟೆಯ ಬಳಿಕ ದಣಿದು ಹಿಂದಿರುಗುವಾಗ ಅದೇ ಜಾಗದಲ್ಲಿ ಅಳಿವೆಯ ಕಡೆ ಬಿರುಸಾಗಿ ಓಡುವ ಹೊಳೆಯಾಗಿರುತ್ತದೆ. ಮೇಲೆ ಆಗಲೂ ತೆರೆ ಇರುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ನೀರೂ ಇದಕ್ಕೆ ಸೇರುತ್ತದೆ, ಆಗ ಹೊಳೆ ಸುರಕ್ಷಿತ ಎನ್ನುವ ಮಾತನ್ನು ಬಾಯಿಗೇ ತರಬಾರದು.

ಲೀಶ್ ಬಗ್ಗೆ ಇರುವ ಗೊಂದಲವೂ ಇಲ್ಲಿಂದಲೇ ಹುಟ್ಟುತ್ತದೆ. ಬೋರ್ಡನ್ನು ಮೈಗೆ ಕಟ್ಟುವ ಹಗ್ಗವಿದು. ಈಜು ಬರುವವರಿಗೆ ಇದು ಬೇಡ ಎಂಬ ನಂಬಿಕೆ ಒಂದು ಕಡೆ, ಯಾವ ಲೀಶ್ ಆದರೂ ನಡೆಯುತ್ತದೆ ಎಂಬುದು ಇನ್ನೊಂದು ಕಡೆ. ಎರಡೂ ಸುಳ್ಳು. ಕಡಲಿನಲ್ಲಿ ನೀವು ಬಿದ್ದ ಕ್ಷಣ, ಮೇಲಿನ ಭಾರ ಕಳೆದುಕೊಂಡ ಬೋರ್ಡನ್ನು ಗಾಳಿ ಹೊತ್ತೊಯ್ಯುತ್ತದೆ. ಚೆನ್ನಾಗಿ ಈಜುವವರೂ ಅದನ್ನು ಬೆನ್ನಟ್ಟಿ ಹಿಡಿಯಲಾರರು, ಬೆನ್ನಟ್ಟುವುದರಲ್ಲೇ ಬಳಲುತ್ತಾರೆ. ಅಲ್ಲಿ ಕಾಲಿಗೆ ಕಟ್ಟಿದ ಲೀಶ್ ಜೀವ ಉಳಿಸುತ್ತದೆ. ಆದರೆ ಹರಿಯುವ ಹೊಳೆಯಲ್ಲಿ ಅದೇ ಲೀಶ್ ಸೇತುವೆಯ ಕಂಬಕ್ಕೋ, ಬಲೆ ಕಟ್ಟಲು ನೆಟ್ಟ ಗೂಟಕ್ಕೋ ಸಿಕ್ಕಿಕೊಂಡರೆ, ಪ್ರವಾಹ ನಿಮ್ಮನ್ನು ಒಂದು ಕಡೆ, ಬೋರ್ಡನ್ನು ಇನ್ನೊಂದು ಕಡೆ ಎಳೆಯುತ್ತದೆ. ಬಗ್ಗಿ ಪಾದದ ಪಟ್ಟಿ ಬಿಚ್ಚಲು ನೀರಿನ ಒತ್ತಡ ಬಿಡುವುದಿಲ್ಲ. ಅದಕ್ಕೆ ಹೊಳೆಯಲ್ಲಿ ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಲೀಶ್ ಬೇಕು. 2021ರ ಅಕ್ಟೋಬರ್ 30ರಂದು ವೇಲ್ಸ್‌ನ ಹ್ಯಾವರ್‌ಫರ್ಡ್‌ವೆಸ್ಟ್ ಊರಿನಲ್ಲಿ ಪ್ಯಾಡಲ್‌ಬೋರ್ಡ್ ತಂಡವೊಂದು ತುಂಬಿದ ಕ್ಲೆಡೌ ನದಿಯ ಒಡ್ಡಿನ ಮೇಲಿಂದ ಜಾರಿ ಬಿತ್ತು, ನಾಲ್ವರು ಸತ್ತರು. ಅಲ್ಲಿನ ತನಿಖೆ ಎತ್ತಿ ತೋರಿಸಿದ ಲೋಪಗಳಲ್ಲಿ ಹರಿವ ನೀರಿಗೆ ಹೊಂದದ ಲೀಶ್ ಕೂಡ ಒಂದು. ಆ ಘಟನೆಯ ಬಳಿಕ ಬ್ರಿಟನ್ನಿನಲ್ಲಿ ಈ ವಿಷಯವಾಗಿ ಎಚ್ಚರಿಕೆಯ ಮೇಲೆ ಎಚ್ಚರಿಕೆ ಬಂತು. ನಮ್ಮಲ್ಲಿ ಇನ್ನೂ ಇರುವ ಒಂದೇ ಬಗೆಯ ಲೀಶನ್ನು ಕಡಲಿಗೂ ಹೊಳೆಗೂ ಕೊಡುವವರಿದ್ದಾರೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ತೋಳಿನಲ್ಲಿ ಬಲವಿರಬೇಕು ಎನ್ನುತ್ತಾರೆ; ಕೆಲಸ ಮಾಡುವುದು ಸೊಂಟ ಮತ್ತು ಬೆನ್ನು, ತೋಳಿನಿಂದಲೇ ಎಳೆಯುವವರು ಬೇಗ ಸೋಲುತ್ತಾರೆ. ದಪ್ಪಗಿರುವವರು, ವಯಸ್ಸಾದವರು ನಿಲ್ಲಲಾರರು ಎಂಬುದೂ ನಿಜವಲ್ಲ, ಅವರವರ ತೂಕಕ್ಕೆ ತಕ್ಕ ಬೋರ್ಡು ಕೊಟ್ಟರೆ ಮೊದಲ ಪಾಠದಲ್ಲೇ ನಿಲ್ಲುತ್ತಾರೆ. ಪಾದ ನೋಡಿಕೊಂಡರೆ ಸಮತೋಲ ಸಿಗುತ್ತದೆ ಎಂಬುದು ತಲೆಕೆಳಗು. ದೂರದ ದಡವನ್ನೋ ದಿಗಂತವನ್ನೋ ನೋಡಬೇಕು. ಹುಟ್ಟಿನ ಅಲಗು ತನ್ನತ್ತ ಬಾಗಿರಬೇಕೆಂದು ಬಹುತೇಕರು ಊಹಿಸುತ್ತಾರೆ, ಅದು ಮುಂದಕ್ಕೆ ಬಾಗಿರಬೇಕು. ಉಪ್ಪುನೀರಿನಲ್ಲಿ ಮನುಷ್ಯ ಮುಳುಗುವುದಿಲ್ಲ ಎಂಬ ಮಾತನ್ನು ಮೃತ ಸಮುದ್ರಕ್ಕೆ ಬಿಟ್ಟುಬಿಡಿ. ಅರಬ್ಬಿ ಸಮುದ್ರದ ನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಮಾತ್ರ ಸಾಂದ್ರ. ವಿದೇಶದ ವಿಡಿಯೊ ನೋಡಿ ಮೈಮುಚ್ಚುವ ದಪ್ಪ ವೆಟ್‌ಸೂಟ್ ಕೊಳ್ಳಬೇಡಿ, ಇಲ್ಲಿ ಬೇಕಿರುವುದು ಬಿಸಿಲಿಗೆ ತುಂಬುತೋಳಿನ ಅಂಗಿ, ಟೋಪಿ ಮತ್ತು ಕುಡಿಯುವ ನೀರು. ಲೈಫ್ ಜಾಕೆಟ್ಟನ್ನು ಹೆಗಲಿಗೆ ತಗುಲಿಸಿ ಬಕಲ್ ಹಾಕದೆ ಬಿಡುವುದೂ ಹಾಕದೇ ಇರುವುದೂ ಒಂದೇ, ನೀರಿಗೆ ಬಿದ್ದಾಗ ಅದು ತಲೆಯ ಮೇಲಿಂದ ಕಳಚಿಹೋಗುತ್ತದೆ.

ರಿಪ್ ಕರೆಂಟಿನ ಬಗ್ಗೆ ಮಾತ್ರ ಇನ್ನೂ ಎರಡು ಮಾತು ಹೇಳಲೇಬೇಕು. ತೆರೆಗಳು ಒಡೆಯುತ್ತಿರುವ ತೀರದಲ್ಲಿ ನಡುನಡುವೆ ನೊರೆಯಿಲ್ಲದ, ಸ್ವಲ್ಪ ಕಪ್ಪಗೆ ಕಾಣುವ ತೆಳ್ಳನೆಯ ಪಟ್ಟಿಗಳಿರುತ್ತವೆ. ಬೋರ್ಡು ಇಳಿಸಲು, ಮಕ್ಕಳನ್ನು ಆಡಿಸಲು ಜನ ಹುಡುಕಿಕೊಂಡು ಹೋಗುವುದು ಅದನ್ನೇ, ಅಲ್ಲಿ ನೀರು ಶಾಂತವಾಗಿದೆಯೆಂದು. ದಡಕ್ಕೆ ಬಡಿದ ನೀರೆಲ್ಲ ಮರಳಿ ಕಡಲಿಗೆ ಓಡುವ ದಾರಿ ಅದು. ತೀವ್ರವಾದಾಗ ಸೆಕೆಂಡಿಗೆ ಎರಡು ಮೀಟರಿಗೂ ಮಿಕ್ಕಿ ಓಡುತ್ತದೆ, ಯಾವ ಈಜುಗಾರನೂ ಅದರ ಎದುರು ಈಜಿ ಗೆಲ್ಲಲಾರ. ಅದು ಕಾಲು ಹಿಡಿದು ಕೆಳಗೆ ಎಳೆಯುತ್ತದೆ ಎಂಬುದು ತಪ್ಪು, ಎಳೆಯುವುದು ಹೊರಗೆ. ಸಿಕ್ಕಿಕೊಂಡವರು ಅದರ ವಿರುದ್ಧ ಹೋರಾಡದೆ ತೇಲುತ್ತ, ತೀರಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಹೊರಬರಬೇಕು.

ಇಷ್ಟು ತಿಳಿವಳಿಕೆ ನಮ್ಮ ಶಾಲೆಗಳಲ್ಲಿ ಯಾರೂ ಕೊಡುವುದಿಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ನಾಲ್ವರು ಶಾಲಾ ಬಾಲಕಿಯರು ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಅಂಥ ಪ್ರತಿ ಸಾವಿನ ಬಳಿಕವೂ ಹಣೆಬರಹ ಎಂಬ ಮಾತು ಕೇಳುತ್ತದೆ, ಕಡಲು ಬಲಿ ತೆಗೆದುಕೊಂಡಿತು ಎಂಬ ಮಾತು ಕೇಳುತ್ತದೆ. ನನಗೆ ಇದನ್ನು ಕೇಳಿ ಸುಮ್ಮನಿರಲು ಆಗುವುದಿಲ್ಲ. ಕಡಲು ಯಾರನ್ನೂ ಬಲಿ ಕೇಳುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರಿಗಿಳಿಯಬಾರದು ಎಂಬ ಹಿರಿಯರ ಮಾತಿನಲ್ಲಿ ಒಂದು ನಿಜವಿದೆ: ಸೂರ್ಯ ಚಂದ್ರರ ಸೆಳೆತ ಒಂದುಗೂಡಿ ಆ ದಿನಗಳ ಆಸುಪಾಸಿನಲ್ಲಿ ಉಬ್ಬರ ಇಳಿತ ಎರಡೂ ಜೋರಾಗಿರುತ್ತವೆ, ಅಳಿವೆಯಲ್ಲಿ ಸೆಳೆತ ಹೆಚ್ಚಿರುತ್ತದೆ. ಆ ನಿಜವನ್ನು ಬಿಟ್ಟು ಭಯವನ್ನಷ್ಟೇ ಉಳಿಸಿಕೊಂಡಿದ್ದೇವೆ. ಹೊಸ ತಲೆಮಾರು ಆ ಭಯವನ್ನೂ ಬಿಟ್ಟು ಹತ್ತು ಸೆಕೆಂಡಿನ ವಿಡಿಯೊಗಳನ್ನು ನಂಬುತ್ತಿದೆ. ಸೂರ್ಯಾಸ್ತದಲ್ಲಿ ಒಬ್ಬರೇ ಬೋರ್ಡಿನ ಮೇಲೆ ನಿಂತ ಆ ಚಿತ್ರದಲ್ಲಿ ಪಕ್ಕದಲ್ಲೇ ಇದ್ದ ರಕ್ಷಣಾ ದೋಣಿ ಕಾಣುವುದಿಲ್ಲ, ಹೊರಡುವ ಮುಂಚೆ ನೋಡಿದ ಇಳಿತದ ವೇಳಾಪಟ್ಟಿ ಕಾಣುವುದಿಲ್ಲ. ಪರಿಶೀಲಿಸದೆ ಒಪ್ಪುವ ಚಾಳಿ ಮಾತ್ರ ಹಳಬರಿಂದ ಹೊಸಬರಿಗೆ ಹಾಗೆಯೇ ದಾಟಿದೆ.

2024ರ ಮಾರ್ಚ್‌ನಲ್ಲಿ ಮಂಗಳೂರಿನ ಬಳಿಯ ಸಸಿಹಿತ್ಲುವಿನಲ್ಲಿ ಅಂತರರಾಷ್ಟ್ರೀಯ ಪ್ಯಾಡಲ್‌ಬೋರ್ಡ್ ಸ್ಪರ್ಧೆಯೇ ನಡೆಯಿತು. ಈ ಆಟ ನಮ್ಮ ಕರಾವಳಿಗೆ ಹೇಳಿ ಮಾಡಿಸಿದ್ದು, ಕಲಿಯಬೇಡಿ ಎಂದು ನಾನು ಯಾರಿಗೂ ಹೇಳಲಾರೆ. ಕಲಿಯಿರಿ, ಮನೆಯವರನ್ನೂ ಕರೆತನ್ನಿ. ದುಡ್ಡು ಕೊಡುವ ಮುಂಚೆ ಕಲಿಸುವವರನ್ನು ಇಷ್ಟು ಕೇಳಿ: ಇವತ್ತು ಗಾಳಿ ಯಾವ ಕಡೆಯಿಂದ? ಇಳಿತ ಎಷ್ಟು ಗಂಟೆಗೆ ಆರಂಭ? ಈ ನೀರಿಗೆ ಯಾವ ಲೀಶ್ ಕೊಡುತ್ತೀರಿ? ನಾನು ದೂರ ಹೋಗಿಬಿಟ್ಟರೆ ಯಾರು, ಯಾವುದರಲ್ಲಿ ಬರುತ್ತಾರೆ? ಫೋನನ್ನು ದಡದಲ್ಲಿಡದೆ ನೀರು ಹೊಗದ ಚೀಲದಲ್ಲಿ ಹಾಕಿ ಮೈಗೆ ಕಟ್ಟಿಕೊಳ್ಳಿ. ಕರಾವಳಿ ಕಾವಲು ಪಡೆಯ ಸಹಾಯವಾಣಿ 1554, ಅದು ಸಿಗದಿದ್ದರೆ 112. ಆ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಬರದಿದ್ದರೂ ಆ ದಿನ ಅವರ ಜೊತೆ ನೀರಿಗೆ ಇಳಿಯಬೇಡಿ.