ವಿದೇಶದಲ್ಲಿ ಬಾಡಿಗೆ ಕಾರು: ತಯಾರಿ ಕಲಬುರಗಿಯಲ್ಲೇ ಮುಗಿಯಲಿ

ಆಳಂದ ತಾಲ್ಲೂಕಿನ ಖಜೂರಿಯಿಂದ ಉಮರ್ಗಾಕ್ಕೆ ಕಾರು ಓಡಿಸುವವರಿಗೆ ಫಲಕಗಳು ಮರಾಠಿಗೆ ತಿರುಗಿದಾಗಲೇ ರಾಜ್ಯ ದಾಟಿದ್ದು ಗೊತ್ತಾಗುವುದು. ಲೈಸೆನ್ಸ್ ಎರಡೂ ಕಡೆ ಅದೇ. ದೇಶ ದಾಟಿದರೆ ಹಾಗಲ್ಲ. ಮಗನನ್ನೋ ಮಗಳನ್ನೋ ನೋಡಲು ದುಬೈಗೆ, ಲಂಡನ್ನಿಗೆ ಹೋಗುವವರು ಅಲ್ಲಿ ತಾವೇ ಕಾರು ಓಡಿಸಬೇಕೆಂದಿದ್ದರೆ ಊರು ಬಿಡುವ ಮೊದಲೇ ಕಾಗದಪತ್ರ ಹೊಂದಿಸಿಕೊಳ್ಳಬೇಕು.

ಪರವಾನಗಿ ಎಲ್ಲಿ, ಹೇಗೆ?

ಬೇಕಾದದ್ದು ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ. ಆಳಂದ ತಾಲ್ಲೂಕಿನವರು ಇದನ್ನು ಕಲಬುರಗಿಯ ಆರ್‌ಟಿಒ ಕಚೇರಿಯಿಂದ (ಕೆಎ-32) ಪಡೆಯಬೇಕು. ‘ಸಾರಥಿ’ ಜಾಲತಾಣದಲ್ಲಿ ನಮೂನೆ 4ಎ ತುಂಬಿ, 1,000 ರೂಪಾಯಿ ಶುಲ್ಕ ಕಟ್ಟಬೇಕು. ಚಾಲ್ತಿಯಲ್ಲಿರುವ ಲೈಸೆನ್ಸ್, ಪಾಸ್‌ಪೋರ್ಟ್, ವಿಮಾನದ ಟಿಕೆಟ್ ಕೈಯಲ್ಲಿರಲಿ. ಹಳೆಯ ಲೈಸೆನ್ಸ್‌ನ ವಿವರ ‘ಸಾರಥಿ’ಯಲ್ಲಿ ಸಿಗದಿದ್ದರೆ ಮೊದಲು ಅದನ್ನು ಕಚೇರಿಯಲ್ಲಿ ಸೇರಿಸಿಕೊಳ್ಳಿ.

ಐಡಿಪಿಗೆ ಒಂದು ವರ್ಷದ ಆಯುಸ್ಸು. ಲೈಸೆನ್ಸ್ ಅವಧಿ ಅದಕ್ಕೂ ಮೊದಲೇ ಮುಗಿದರೆ ಐಡಿಪಿಯೂ ಅಲ್ಲಿಗೇ ಮುಗಿಯುತ್ತದೆ. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ಕೊಡುವ ಈ ಪುಸ್ತಿಕೆ ನಿಮ್ಮ ಲೈಸೆನ್ಸಿಗೆ ಜೊತೆಗಾರ ಮಾತ್ರ. ಮೂಲ ಲೈಸೆನ್ಸ್ ಮನೆಯಲ್ಲಿ ಬಿಟ್ಟು ಹೋದರೆ ಇದಕ್ಕೆ ಬೆಲೆಯಿಲ್ಲ. ಹಣ ಪಡೆದು ‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಕಳಿಸುತ್ತೇವೆನ್ನುವ ಖಾಸಗಿ ಜಾಲತಾಣಗಳ ಕಾರ್ಡನ್ನು ನಂಬಬೇಡಿ.

ಹೆಸರು ಒಂದೇ ಇರಲಿ

ನಮ್ಮ ಕಡೆಯವರು ಎಡವುವುದು ಹೆಚ್ಚಾಗಿ ಇಲ್ಲೇ. ಪಾಸ್‌ಪೋರ್ಟಿನಲ್ಲಿ ಪಾಟೀಲ, ಬಿರಾದಾರ ಎಂಬ ಅಡ್ಡಹೆಸರು ಇರುತ್ತದೆ; ಲೈಸೆನ್ಸಿನಲ್ಲಿ ಬರೀ ಹೆಸರು, ತಂದೆಯ ಹೆಸರಿನ ಮೊದಲಕ್ಷರ. ಕ್ರೆಡಿಟ್ ಕಾರ್ಡಿನಲ್ಲಿ ಇನ್ನೊಂದು ಬಗೆ. ಬಾಡಿಗೆ ಕೌಂಟರಿನವರು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ತಿದ್ದುಪಡಿಗೆ ಸಮಯ ಹಿಡಿಯುವುದರಿಂದ ಟಿಕೆಟ್ ತೆಗೆಸುವ ಮೊದಲೇ ಈ ಕೆಲಸ ಮಾಡಿ.

ಪ್ರವಾಸಿಗೆ ಒಂದು ನಿಯಮ, ನಿವಾಸಿಗೆ ಇನ್ನೊಂದು

ಯುಎಇಯಲ್ಲಿ ಪ್ರವಾಸಿ ವೀಸಾದವರು ಐಡಿಪಿ ತೋರಿಸಿ ಬಾಡಿಗೆ ಕಾರು ಓಡಿಸಬಹುದು. ಅಲ್ಲೇ ನೆಲೆಸಿ ಕೆಲಸ ಮಾಡುವ ಮಗನಿಗೆ ಮಾತ್ರ ಅದು ಸಾಲದು, ಅವನಿಗೆ ಯುಎಇ ಲೈಸೆನ್ಸೇ ಬೇಕು. ಬ್ರಿಟನ್ನಿನಲ್ಲಿ ಭಾರತದ ಲೈಸೆನ್ಸಿನ ಮೇಲೆ 12 ತಿಂಗಳು ಕಾರು ಓಡಿಸಬಹುದು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಕಾನೂನು ಕೇಳದಿದ್ದರೂ ಬಾಡಿಗೆ ಕಂಪನಿ ಐಡಿಪಿ ಕೇಳಬಹುದು. ಬುಕ್ ಮಾಡುವಾಗಲೇ ಷರತ್ತು ಓದಿ.

ಕೌಂಟರಿನಲ್ಲಿ

ಕಾರು ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡಿನಲ್ಲಿ ಠೇವಣಿಯಾಗಿ ಒಂದಿಷ್ಟು ಹಣ ತಡೆಹಿಡಿಯುತ್ತಾರೆ. ಹಲವೆಡೆ ಡೆಬಿಟ್ ಕಾರ್ಡ್ ನಡೆಯದು. ವಿಮೆ ಇದ್ದರೂ ಅಪಘಾತವಾದಾಗ ಮೊದಲಿನ ಒಂದು ಮೊತ್ತ ನೀವೇ ಭರಿಸಬೇಕಾಗುತ್ತದೆ. ಅದು ಎಷ್ಟು, ಟೈರು ಮತ್ತು ಗಾಜು ವಿಮೆಯೊಳಗೆ ಬರುತ್ತವೆಯೇ ಎಂದು ಕೇಳಿ. ಅಳಿಯನೂ ಸ್ಟೇರಿಂಗ್ ಹಿಡಿಯುವುದಿದ್ದರೆ ಅವನ ಹೆಸರನ್ನೂ ಕರಾರಿನಲ್ಲಿ ಬರೆಸಿ, ಇಲ್ಲವಾದರೆ ವಿಮೆ ಕೈಕೊಡುತ್ತದೆ. ಕಾರಿನ ನಾಲ್ಕೂ ಬದಿ, ಗೀರು, ತಗ್ಗು, ಪೆಟ್ರೋಲ್ ಮುಳ್ಳು ಎಲ್ಲದರ ಫೋಟೊ ತೆಗೆದುಕೊಂಡೇ ಹೊರಡಿ.

ರಸ್ತೆಯಲ್ಲಿ

ಬ್ರಿಟನ್, ಆಸ್ಟ್ರೇಲಿಯಾ, ಸಿಂಗಪುರಗಳಲ್ಲಿ ನಮ್ಮ ಹಾಗೆ ಎಡಬದಿ. ಯುಎಇ, ಸೌದಿ, ಅಮೆರಿಕ, ಜರ್ಮನಿಗಳಲ್ಲಿ ಬಲಬದಿ. ಅಲ್ಲಿ ಸ್ಟೇರಿಂಗ್ ಎಡಕ್ಕೆ. ಬಲಗೈಯಿಂದ ಗೇರು ಬದಲಿಸುವ ಗೊಂದಲ ಬೇಡವೆಂದರೆ ಆಟೊಮ್ಯಾಟಿಕ್ ಕಾರನ್ನೇ ಕೇಳಿ. ವೃತ್ತದೊಳಗೆ ಈಗಾಗಲೇ ಸುತ್ತುತ್ತಿರುವವರಿಗೆ ದಾರಿ ಬಿಡಿ. ದುಬೈನ ‘ಸಾಲಿಕ್’ ಟೋಲ್‌ನಲ್ಲಿ ಗಾಡಿ ನಿಲ್ಲಿಸಬೇಕಿಲ್ಲ. ಆ ಹಣವನ್ನೂ ವೇಗದ ದಂಡವನ್ನೂ ಬಾಡಿಗೆ ಕಂಪನಿ ನಿಮ್ಮ ಕಾರ್ಡಿನಿಂದಲೇ ವಸೂಲು ಮಾಡುತ್ತದೆ.

ದಂಡದ ಲೆಕ್ಕ ನೀವು ಊರಿಗೆ ಮರಳಿದ ಮೇಲೂ ಬರಬಹುದು, ಠೇವಣಿ ಬಿಡುಗಡೆಗೂ ಕೆಲ ದಿನ ಹಿಡಿಯುತ್ತದೆ. ಕಾರು ಮರಳಿಸುವಾಗ ಇನ್ನೊಮ್ಮೆ ಫೋಟೊ ತೆಗೆದು, ರಸೀದಿ ಪಡೆದು, ಕಾರ್ಡಿನ ಲೆಕ್ಕ ಚುಕ್ತಾ ಆಗುವವರೆಗೂ ಎರಡನ್ನೂ ಜೋಪಾನವಾಗಿಡಿ.