ಕುದಿಸಿದರೂ ನೀರಿನಲ್ಲಿ ಉಳಿಯುವುದು

"ಹಕೀಮ್ ಸಾಬ್, ಮಗೂಗೆ ನೀರು ಚೆನ್ನಾಗಿ ಕುದಿಸೇ ಕೊಡ್ತೀವಿ" ಎಂದು ತಾಯಂದಿರು ಹೇಳುತ್ತಾರೆ. ಒಳ್ಳೆಯದೇ. ಕುದಿಸಿದರೆ ಭೇದಿ, ಕಾಮಾಲೆ ತರುವ ರೋಗಾಣುಗಳು ಸಾಯುತ್ತವೆ. ಆದರೆ ನೀರಿನಲ್ಲಿ ಕರಗಿದ ನೈಟ್ರೇಟ್ ಹೋಗುವುದಿಲ್ಲ.

ನಮ್ಮ ಕೊಪ್ಪದ ಕಡೆಯ ಆಲೆಮನೆಯನ್ನೇ ನೋಡಿ. ಕಬ್ಬಿನ ಹಾಲು ಸೋಸಿದರೆ ಸಿಪ್ಪೆ ನಿಲ್ಲುತ್ತದೆ. ಕಾಯುವಾಗ ಬೆಂಡೆಯ ಲೋಳೆ ಹಾಕಿದರೆ ಕೊಳೆ ಮೇಲೆ ತೇಲುತ್ತದೆ, ಅದನ್ನು ಎತ್ತಿ ಹಾಕುತ್ತಾರೆ. ಕರಗಿದ ಸಕ್ಕರೆ ಮಾತ್ರ ಬಟ್ಟೆಗೆ ಸಿಗದು. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ನೈಟ್ರೇಟ್ ಕೂಡ ಹಾಗೆಯೇ. ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪೊರೆ ಸುಣ್ಣದಂಶವಷ್ಟೇ.

ಯುನಾನಿಯಲ್ಲಿ ಗುಲಾಬಿ ಅರ್ಕ್ ಇಳಿಸುವಾಗ ಆವಿಯನ್ನು ತಣಿಸಿ ಹಿಡಿಯುತ್ತೇವೆ. ಕರಗಿದ ಉಪ್ಪು ಹಂಡೆಯಲ್ಲೇ ಉಳಿಯುತ್ತದೆ. ದಿನದ ನೀರಿಗೆ ಅಷ್ಟು ಸೌದೆ ಯಾರ ಮನೆಯಲ್ಲಿದೆ!

ಗದ್ದೆಯ ಗೊಬ್ಬರದಿಂದ, ಕಕ್ಕಸು ಗುಂಡಿಯಿಂದ ನೈಟ್ರೇಟ್ ಬೋರ್‌ವೆಲ್‌ಗೆ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದರೆ ಆರು ತಿಂಗಳೊಳಗಿನ ಕೂಸಿನ ರಕ್ತ ಉಸಿರಿನ ಗಾಳಿಯನ್ನು ಸರಿಯಾಗಿ ಹೊರಲಾರದೆ ತುಟಿ, ಉಗುರು ನೀಲಿಗಟ್ಟಬಹುದು. ಹಾಗೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಆ ವಯಸ್ಸಿಗೆ ತಾಯಿಯ ಹಾಲೊಂದೇ ಸಾಕು, ಬೇರೆ ನೀರೂ ಬೇಡ. ಪುಡಿ ಹಾಲು ಕಲಸಲೇಬೇಕಾದರೆ ಬೋರ್‌ವೆಲ್ ನೀರನ್ನು ಮೊದಲು ಪರೀಕ್ಷೆ ಮಾಡಿಸಿ. ನೈಟ್ರೇಟ್ ಹೆಚ್ಚಿದ್ದರೆ ಆರ್‌ಓ ಘಟಕದ ನೀರು ತಂದು, ಅದನ್ನು ಕುದಿಸಿ ಬಳಸಿ.