ಇಂಜಿನಿನ ಹೊಗೆ ಮತ್ತು ಎಣ್ಣೆಯ ತೊಟ್ಟು

ಬಾವಿಯಿಂದ ನೀರೆತ್ತಲು ಡೀಸೆಲ್ ಇಂಜಿನನ್ನು ಇಟ್ಟುಕೊಂಡಿರುವ ಜಮೀನುದಾರರಲ್ಲಿ ಅನೇಕರು, ಬಹುದಿನ ನಿಂತಿದ್ದ ಯಂತ್ರವನ್ನು ಬೇಸಗೆಯ ಆರಂಭದಲ್ಲಿ ತಿರುಗಿಸಿದೊಡನೆ ದಟ್ಟವಾದ ಹೊಗೆ ಏಳುವುದನ್ನೂ, ಪೈಪಿನ ಸಂದಿನಿಂದ ಎಣ್ಣೆ ತೊಟ್ಟಿಕ್ಕುವುದನ್ನೂ ಕಂಡು ಗಾಬರಿಗೊಳ್ಳುವರು. ಕೂಡಲೇ ಮಿಸ್ತ್ರಿಯನ್ನು ಕರೆಯಿಸಿ ಪಂಪು, ನಾಜಲುಗಳನ್ನೆಲ್ಲ ಬಿಚ್ಚಿಸುವುದುಂಟು. ಬಿಚ್ಚಿದ ಯಂತ್ರ ಮರಳಿ ಕೂಡುವುದರೊಳಗೆ ಪೈರು ಬಾಡುವುದು. ತರುವಾಯ ಕೂಲಿಯ ಲೆಕ್ಕದಲ್ಲಿ ಹುಟ್ಟಿದ ವ್ಯಾಜ್ಯವು ಊರಿನ ಮುಖ್ಯಸ್ಥರ ಜಗುಲಿಗೆ ಬರುವುದು. ಹೊಗೆಯ ಬಣ್ಣವನ್ನೂ ತೊಟ್ಟು ಬೀಳುವ ಸ್ಥಳವನ್ನೂ ಮೊದಲು ನೋಡಿ ತಿಳಿದಿದ್ದರೆ ಈ ತೊಂದರೆಯಲ್ಲಿ ಬಹುಭಾಗ ತಪ್ಪುವುದು.

ರುಡಾಲ್ಫ್ ಡೀಸೆಲ್ ಎಂಬ ಯಂತ್ರಶಿಲ್ಪಿಯು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ನಡೆಯಿಸಿ ತೋರಿಸಿದ ಈ ಯಂತ್ರದಲ್ಲಿ ಬೆಂಕಿಯ ಕಿಡಿಯನ್ನು ಹಾರಿಸುವ ಸಾಧನವಿಲ್ಲ. ಸಿಲಿಂಡರಿನಲ್ಲಿ ಗಾಳಿಯು ಬಲವಾಗಿ ಒತ್ತಲ್ಪಟ್ಟು ಕಾಯುವುದು. ಆ ಕಾದ ಗಾಳಿಯೊಳಕ್ಕೆ ನಾಜಲು ಎಣ್ಣೆಯನ್ನು ಮಂಜಿನಂತೆ ಸಿಡಿಸಿದಾಗ ಅದು ತಾನೇ ಹೊತ್ತಿಕೊಳ್ಳುವುದು. ಗಾಳಿ ಸಾಕಷ್ಟು ಕಾಯದಿದ್ದರೂ, ಎಣ್ಣೆ ಮಂಜಾಗದೆ ತೊಟ್ಟಾಗಿ ಬಿದ್ದರೂ ಹೊಗೆ ತಪ್ಪದು.

ಆದಕಾರಣ, ತಣ್ಣಗಿರುವ ಯಂತ್ರವು ಮೊದಲ ಕೆಲವು ನಿಮಿಷ ಬಿಳಿಯ ಹೊಗೆಯನ್ನು ಬಿಡುವುದು ಸಹಜ. ಅದು ಸುಡದೆ ಹೊರಬಿದ್ದ ಡೀಸೆಲಿನ ಆವಿಯೇ. ಕಣ್ಣು ಉರಿಯಿಸುವ ಕಟುವಾಸನೆಯಿಂದ ಗುರುತಿಸಬಹುದು. ಯಂತ್ರಕ್ಕೆ ನೀರೆತ್ತುವ ಕೆಲಸವನ್ನು ವಹಿಸಿ, ಚೆನ್ನಾಗಿ ಕಾದ ಮೇಲೆಯೇ ಹೊಗೆಯ ವಿಚಾರದಲ್ಲಿ ತೀರ್ಮಾನ ಮಾಡತಕ್ಕದ್ದು. ಆಗಲೂ ಬಿಳಿಯ ಹೊಗೆ ನಿಲ್ಲದಿದ್ದರೆ, ಯಂತ್ರವನ್ನು ನಿಲ್ಲಿಸಿ, ಎಣ್ಣೆಯ ಪಂಪನ್ನು ತಡೆಹಿಡಿದು, ಗಾಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಬೇಕು. ಒತ್ತಡ ಸರಿಯಾಗಿದ್ದರೆ ಗಾಲಿಯು ಸ್ಪ್ರಿಂಗಿನಂತೆ ಹಿಂದಕ್ಕೆ ಒದೆಯುವುದು. ಸಲೀಸಾಗಿ ತಿರುಗಿಬಿಟ್ಟರೆ ವಾಲ್ವುಗಳಾಗಲಿ ರಿಂಗುಗಳಾಗಲಿ ಗಾಳಿಯನ್ನು ಹಿಡಿಯುತ್ತಿಲ್ಲವೆಂದು ತಿಳಿಯಬೇಕು.

ನಮ್ಮ ಹೊಲಗಳಲ್ಲಿ ಬಿಳಿಯ ಹೊಗೆಗೆ ಇನ್ನೊಂದು ಕಾರಣವುಂಟು. ಅದನ್ನು ಮಿಸ್ತ್ರಿಗಳು ಸಹ ಮರೆಯುವರು. ಪಂಪು ಎತ್ತಿದ ಬಾವಿಯ ತಣ್ಣೀರನ್ನೇ ನೇರವಾಗಿ ಸಿಲಿಂಡರಿನ ಸುತ್ತ ಹರಿಯಗೊಟ್ಟರೆ ಯಂತ್ರವು ದಿನವಿಡೀ ಕಾಯುವುದೇ ಇಲ್ಲ. ಯಂತ್ರ ತಣ್ಣಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಸಲ್ಲದು. ಎಣ್ಣೆ ಹೆಚ್ಚು ಖರ್ಚಾಗಿ ಸಿಲಿಂಡರು ಬೇಗ ಸವೆಯುವುದು. ಹೊರಬರುವ ನೀರು ಸುಮಾರು 60 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾಗಿರುವಂತೆ ಕೊಳಾಯಿಯನ್ನು ತಿರುಗಿಸಿ ಸರಿಪಡಿಸಬೇಕು. ಆ ನೀರಿನಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ ಮಾತ್ರ ಹೆಡ್ಡಿನ ಗ್ಯಾಸ್ಕೆಟ್ಟನ್ನು ಸಂಶಯಿಸಬಹುದು.

ನೀಲಿಯ ಹೊಗೆಯು ಕೀಲೆಣ್ಣೆ ಸುಡುತ್ತಿರುವುದರ ಗುರುತು. ಕೀಲೆಣ್ಣೆಯನ್ನು ಅಳತೆ ಮೀರಿ ತುಂಬಿರಬಹುದು, ರಿಂಗುಗಳು ಸವೆದಿರಬಹುದು. ಹೊಸ ರಿಂಗು ಹಾಕಿದ ಯಂತ್ರದಲ್ಲಿ ಅವು ಹೊಂದಿಕೊಳ್ಳುವವರೆಗೆ ಸ್ವಲ್ಪ ನೀಲಿ ತೋರಿದರೆ ದೋಷವೆಣಿಸಕೂಡದು. ಕಪ್ಪು ಹೊಗೆಯಾದರೋ ಎಣ್ಣೆ ಹೆಚ್ಚಾಗಿದೆ, ಇಲ್ಲವೆ ಗಾಳಿ ಕಡಮೆಯಾಗಿದೆ ಎಂದು ಹೇಳುವುದು. ಗಾಳಿಯ ಫಿಲ್ಟರಿನಲ್ಲಿ ಧೂಳು ಕಟ್ಟಿದೆಯೇ, ಶಕ್ತಿಗೆ ಮೀರಿದ ಪಂಪನ್ನು ಹೂಡಿದೆಯೇ ಎಂಬುದನ್ನು ನೋಡಿದ ಅನಂತರವೇ ನಾಜಲಿಗೆ ಕೈ ಹಚ್ಚುವುದು ಲೇಸು.

ಇನ್ನು ತೊಟ್ಟಿನ ವಿಷಯ. ನಾಜಲಿನ ಸೂಜಿಯ ಪಕ್ಕದಿಂದ ಜಿನುಗಿದ ಅಲ್ಪ ಎಣ್ಣೆಯನ್ನು ಹಿಂದಕ್ಕೆ ಒಯ್ಯಲು ಸಣ್ಣ ಕೊಳವೆಯೊಂದಿರುವುದು. ಅಲ್ಲಿ ಆಗೊಮ್ಮೆ ಈಗೊಮ್ಮೆ ತೊಟ್ಟು ಬೀಳುವುದು ದೋಷವಲ್ಲ. ಅದು ಧಾರೆಯಾದರೆ ಸೂಜಿ ಸವೆದಿದೆ. ಟ್ಯಾಂಕಿನಿಂದ ಪಂಪಿನವರೆಗಿನ ಸಂದುಗಳಲ್ಲಿ ತೊಟ್ಟಿಕ್ಕಿದರೆ ತಾಮ್ರದ ವಾಷರನ್ನು ಬದಲಾಯಿಸಿದರೆ ಸಾಕಾಗುವುದುಂಟು; ಸಾಬೂನು ಮೆತ್ತಿ ನೂಲು ಸುತ್ತುವುದು ಉಪಾಯವಲ್ಲ. ಸೆಕೆಂಡಿಗೆ ಒಂದು ತೊಟ್ಟು ಬಿದ್ದರೆ, 20 ತೊಟ್ಟಿಗೆ ಒಂದು ಮಿಲಿಲೀಟರಿನಂತೆ, 8 ಗಂಟೆಯಲ್ಲಿ ಸುಮಾರು 1.4 ಲೀಟರು ಮಣ್ಣುಪಾಲಾಗುವುದು. ಪಂಪಿನಿಂದ ನಾಜಲಿಗೆ ಹೋಗುವ ದಪ್ಪ ಪೈಪಿನ ವಿಷಯದಲ್ಲಿ ಮಾತ್ರ ಬಹಳ ಎಚ್ಚರವಿರಬೇಕು. ಯಂತ್ರ ನಡೆಯುತ್ತಿರುವಾಗ ಅದರ ನಟ್ಟನ್ನು ಬಿಗಿಯಕೂಡದು; ಸಿಡಿಯುವ ಎಣ್ಣೆಗೆ ಕೈಯೊಡ್ಡಲೇಕೂಡದು. ಆ ಎಣ್ಣೆಯು ಚರ್ಮವನ್ನು ತೂರಿ ಒಳಹೋಗಬಲ್ಲುದು. ಗಾಯವು ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಲ್ಲವಾದಲ್ಲಿ ಬೆರಳನ್ನೇ ಕಳೆದುಕೊಳ್ಳುವ ಸಂಭವವುಂಟು.

ಕಣ್ಣಿಗೆ ಕಾಣುವ ತೊಟ್ಟಿಗಿಂತ ಕಾಣದ ತೊಟ್ಟು ಹೆಚ್ಚು ಹಾನಿಕರ. ಕೆಟ್ಟ ನಾಜಲು ಸಿಲಿಂಡರಿನೊಳಗೆ ತೊಟ್ಟಿಕ್ಕಿದ ಡೀಸೆಲು ಗೋಡೆಯನ್ನು ತೊಳೆದುಕೊಂಡು ಕೆಳಗಿಳಿದು ಕೀಲೆಣ್ಣೆಯೊಡನೆ ಬೆರೆಯುವುದು. ಹೊರಗೆ ನೆಲ ಒಣಗಿರುವುದನ್ನು ಕಂಡು ಯಜಮಾನನು ನಿಶ್ಚಿಂತನಾಗಿರುವನು. ಒಳಗೆ ತೆಳುವಾದ ಕೀಲೆಣ್ಣೆಯಿಂದ ಬೇರಿಂಗುಗಳು ಉರಿದುಹೋಗುವುವು. ಪ್ರತಿದಿನವೂ ತಿರುಗಿಸುವ ಮುನ್ನ ಕೀಲೆಣ್ಣೆಯ ಅಳತೆಕಡ್ಡಿಯನ್ನು ತೆಗೆದು ನೋಡತಕ್ಕದ್ದು. ಯಾರೂ ತುಂಬದೆ ಮಟ್ಟವು ಏರಿದ್ದು, ಎಣ್ಣೆ ನೀರಾಗಿ ಡೀಸೆಲಿನ ವಾಸನೆ ಬರುತ್ತಿದ್ದರೆ ಆ ದಿನ ಯಂತ್ರವನ್ನು ನಡೆಯಿಸಕೂಡದು. ನಾಜಲನ್ನು ಪರೀಕ್ಷೆಯ ಪಂಪಿರುವ ಕಾರ್ಖಾನೆಗೆ ಕಳುಹಿಸಿ ಸರಿಪಡಿಸಿಕೊಂಡು, ಹಳೆಯ ಕೀಲೆಣ್ಣೆಯನ್ನು ಪೂರ್ತಿ ಇಳಿಸಿ ಹೊಸದನ್ನು ಹಾಕಿ, ಒಂದು ದಿನ ನಡೆಯಿಸಿದ ಮೇಲೆ ಮಾರನೆಯ ಬೆಳಗ್ಗೆ ಕಡ್ಡಿಯನ್ನು ಮತ್ತೊಮ್ಮೆ ನೋಡಬೇಕು.